ಮೂರು ಸಲ ಕರೆದರು

ನಾನು ಒಬ್ಬಳಲ್ಲ, ಇಬ್ಬರು ಎಂದು ಮೊದಲು ಹೇಳಿದ್ದು ಒಂದು ಕಂಪ್ಯೂಟರು. ಕುಮಟಾದ ಸ್ಟಡಿ ಸೆಂಟರಿನಲ್ಲಿ, ಒಂದು ಗುರುವಾರ ಮಧ್ಯಾಹ್ನ. ಅಲ್ಲಿಯ ಗುಮಾಸ್ತರು ಪರದೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಫೋಟೋ ನನ್ನದೇ, ಹುಟ್ಟಿದ ತಾರೀಖು ನನ್ನದೇ, ಹೊನ್ನಾವರದ ವಿಳಾಸವೂ ನನ್ನದೇ. ಹೆಸರಿನ ಎದುರು ಮಾತ್ರ ಕೆಂಪಕ್ಷರದಲ್ಲಿ ‘ಹೊಂದಾಣಿಕೆ ಆಗುತ್ತಿಲ್ಲ’ ಎಂದು ಬರೆದಿತ್ತು.

“ಅಕ್ಕಾ, ನಿಮ್ಮ ಎಸ್ಸೆಸ್ಸೆಲ್ಸಿ ಹೆಸ್ರೇ ಬೇರೆ, ಆಧಾರ್ ಹೆಸ್ರೇ ಬೇರೆ. ಇದು ಇಬ್ರು ಹೆಂಗಸ್ರು ಅಂತ ತಿಳ್ಕಂಡದೆ.”

“ಇಬ್ರಲ್ಲ ಮಾರಾಯ್ರೆ, ಒಬ್ಳೇ. ನಿಮ್ಮ ಎದ್ರಿಗೇ ನಿಂತಿದ್ದೇನಲ್ಲ.”

“ನಂಗೆ ಕಾಣ್ತದೆ. ಅದಕ್ಕೆ ಕಾಣೂದಿಲ್ಲ,” ಎಂದು ಅವರು ಕಂಪ್ಯೂಟರಿನ ತಲೆಯ ಮೇಲೆ ಕೈಯಿಟ್ಟರು. “ಶನಿವಾರ ಸಂಜೆ ಐದಕ್ಕೆ ಲಿಂಕ್ ಬಂದ್ ಆಗ್ತದೆ. ಅಷ್ಟ್ರೊಳಗೆ ಸರಿ ಆದ್ರೆ ಆತು. ಇಲ್ದಿದ್ರೆ ಈ ವರ್ಷ ಪರೀಕ್ಷೆ ಇಲ್ಲ.”

ಈ ವರ್ಷ ಇಲ್ಲ ಎಂದರೆ ನನಗೆ ಮುಂದೆ ಯಾವ ವರ್ಷವೂ ಇಲ್ಲ. ಹೊನ್ನಾವರದ ಹೊರಗಿನ ಒಂದು ಕೇರಿಯ ಅಂಗನವಾಡಿಯಲ್ಲಿ ನಾನು ಸಹಾಯಕಿ. ಅಡುಗೆ ಮಾಡುವುದು, ಮಕ್ಕಳ ಮೂಗು ಒರೆಸುವುದು, ಕಸ ಗುಡಿಸುವುದು. ನಮ್ಮ ಅಕ್ಕೋರು, ಅಂದರೆ ಟೀಚರು, ನಿವೃತ್ತಿಗೆ ಬಂದಿದ್ದರು. ಆ ಜಾಗಕ್ಕೆ ಸಹಾಯಕಿಯನ್ನೇ ಏರಿಸಬಹುದಿತ್ತು. ಆದರೆ ಅವಳಿಗೆ ಪಿಯುಸಿ ಆಗಿರಬೇಕು, ವಯಸ್ಸು ಮೀರಿರಬಾರದು. ನನ್ನದು ಎಸ್ಸೆಸ್ಸೆಲ್ಸಿಗೇ ನಿಂತಿತ್ತು. ವಯಸ್ಸಿನ ಲೆಕ್ಕದಲ್ಲಿ ಉಳಿದದ್ದು ಅದೊಂದೇ ವರ್ಷ.

ಆಸೆ ಎನ್ನುವುದಕ್ಕಿಂತ ಸಿಟ್ಟು ಎನ್ನಬೇಕು. ಯಾಕೆಂದರೆ ಅಕ್ಕೋರ ಕೆಲಸವನ್ನು ಆಗಲೇ ನಾನು ಮಾಡುತ್ತಿದ್ದೆ. ಮೊದಲೆಲ್ಲ ಮಕ್ಕಳ ತೂಕವನ್ನು ದಪ್ಪ ಪುಸ್ತಕದಲ್ಲಿ ಬರೆದಿಟ್ಟರೆ ಮುಗಿಯುತ್ತಿತ್ತು. ಆಮೇಲೆ ಫೋನು ಬಂತು, ಫೋನಿನೊಳಗೆ ಆ್ಯಪ್ ಬಂತು. ಬಸುರಿಗೆ ಆಹಾರದ ಪೊಟ್ಟಣ ಕೊಡಬೇಕಾದರೆ ಅವಳ ಮುಖ ಹಿಡಿದು, ಕಣ್ಣು ಮಿಟುಕಿಸಲು ಹೇಳಿ, ಅದು ಹಸಿರು ಗೆರೆ ಹಾಕುವವರೆಗೆ ಕಾಯಬೇಕು. ಅಕ್ಕೋರಿಗೆ ಫೋನು ಮುಟ್ಟಿದರೆ ಬೆವರು. “ಇದ್ನ ನೀನೇ ಹಿಡಿ ಮಾರಾಯ್ತಿ, ನನ್ನ ಕೈಲಿ ಆಗೂದಿಲ್ಲ,” ಎಂದು ಕೈಗೆ ತುರುಕುತ್ತಿದ್ದರು. ಕಲಿತೆ. ಎರಡು ತಿಂಗಳಿಗೊಮ್ಮೆ ಆ್ಯಪ್ ತನ್ನ ಬಟನ್ನುಗಳನ್ನು ಅಲ್ಲಿಂದಿಲ್ಲಿಗೆ ಹಾರಿಸುತ್ತಿತ್ತು, ಮತ್ತೆ ಕಲಿಯುತ್ತಿದ್ದೆ. ಕತ್ತಲೆ ಕೋಣೆಯಲ್ಲಿ ಮುಖ ಹಿಡಿಯುವುದಿಲ್ಲ, ಕಿಟಕಿಯ ಕಡೆ ಮುಖ ಮಾಡಿಸಬೇಕು. ಫೋನಿನ ಕಣ್ಣನ್ನು ಸೆರಗಿನಿಂದ ಒರೆಸಬೇಕು. ಇದನ್ನೆಲ್ಲ ಯಾವ ಟ್ರೇನಿಂಗಿನಲ್ಲೂ ಹೇಳಿಕೊಡಲಿಲ್ಲ. ಕೆಲಸ ಅಷ್ಟೂ ನನ್ನದು, ಕುರ್ಚಿ ಮಾತ್ರ ಇನ್ನೊಬ್ಬರದು ಎಂದರೆ ಯಾರಿಗೆ ಉರಿಯುವುದಿಲ್ಲ?

ಹಾಗಾಗಿ ಹೊರಗಿನಿಂದ ಪಿಯುಸಿ ಕಟ್ಟಲು ಹೆಸರು ಹಚ್ಚಿದೆ. ಭಾನುವಾರ ಭಾನುವಾರ ಕುಮಟಾದಲ್ಲಿ ತರಗತಿ. ಇಪ್ಪತ್ತೇಳು ವರ್ಷಗಳ ನಂತರ ಬೆಂಚಿನ ಮೇಲೆ ಕುಳಿತಾಗ ಮೊಣಕಾಲು ಡೆಸ್ಕಿಗೆ ತಾಗಿತು. ನನ್ನ ಬೆಂಚಿನಲ್ಲಿ ಓಂ ಬೀಚಿನ ಒಂದು ಗೆಸ್ಟ್ ಹೌಸಿನಲ್ಲಿ ಕೆಲಸ ಮಾಡುವ ಹುಡುಗಿ, ಹಿಂದಿನ ಬೆಂಚಿನಲ್ಲಿ ಮಿರ್ಜಾನದ ಲೈನ್‌ಮನ್. ನಾನು ಇನ್ನೂರು ಪುಟದ ನೋಟ್‌ಬುಕ್ಕಿಗೆ ಬೈಂಡು ಹಾಕಿಸಿ, ಎರಡು ಪೆನ್ನು ತೆಗೆದುಕೊಂಡು ಹೋಗಿದ್ದೆ. ಮಾಸ್ತರರು ಬೋರ್ಡಿನ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. “ನೋಟ್ಸ್ ಎಲ್ಲ ಗ್ರೂಪಿಗೆ ಹಾಕಿದೆ, ಪಿಡಿಎಫ್ ಇಳಿಸ್ಕೊಳ್ಳಿ,” ಎಂದರು. ಪಿಡಿಎಫ್ ಎಲ್ಲಿಗೆ ಇಳಿಯುತ್ತದೆ, ಇಳಿದ ಮೇಲೆ ಎಲ್ಲಿ ಅಡಗಿ ಕೂರುತ್ತದೆ ಎಂದು ಗೊತ್ತಾಗಲು ನನಗೆ ಎರಡು ಭಾನುವಾರ ಬೇಕಾಯಿತು. ಹೋಮ್‌ವರ್ಕಿನ ಉತ್ತರಗಳನ್ನು ಗೆಸ್ಟ್ ಹೌಸಿನ ಹುಡುಗಿ ಫೋನಿನ ಎಐ ಹತ್ತಿರ ಕೇಳಿ ಬರೆಯುತ್ತಿದ್ದಳು. ನಾನು ಪುಸ್ತಕ ಓದಿ ಬರೆಯುತ್ತಿದ್ದೆ. ಅವಳಿಗೆ ನನಗಿಂತ ಹೆಚ್ಚು ಮಾರ್ಕು ಬಂದಾಗ ಎರಡು ದಿನ ಮುಖ ಊದಿಸಿಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಹೆಸರಿನ ತಪ್ಪು ಮಾತ್ರ ನನ್ನದೇ. ಅರ್ಜಿ ತುಂಬುವ ದಿನ ಮಗಳು, “ಅಮ್ಮಾ, ನಾನು ಬರೂವರೆಗೆ ತಡಿ,” ಎಂದಿದ್ದಳು. ನನಗೆ ಹಟ. ನಿತ್ಯ ಇಡೀ ಕೇರಿಯ ಮುಖ ಹಿಡಿಯುವವಳಿಗೆ ಒಂದು ಅರ್ಜಿ ಯಾವ ಮಹಾ? ಆಧಾರ್ ನಂಬರು ಹಾಕಿದ ಕೂಡಲೇ ಅರ್ಜಿಯ ಖಾಲಿ ಮನೆಗಳೆಲ್ಲ ತಾವಾಗಿಯೇ ತುಂಬಿಕೊಂಡವು. ಹೆಸರೂ ತುಂಬಿಕೊಂಡಿತು. ಎಷ್ಟು ಸಲೀಸು ಎಂದು ಖುಷಿಯಲ್ಲಿ ‘ಹೌದು’ ಒತ್ತಿದೆ. ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದದ್ದು ಆ ಹೆಸರಲ್ಲ ಎಂಬುದು ತಲೆಗೇ ಹೊಳೆಯಲಿಲ್ಲ.

ನಮ್ಮಂಥ ಕೊಂಕಣಿ ಮಾತಾಡುವ ಕೆಲವು ಮನೆಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರನ್ನು ಬದಲಿಸುವ ಪದ್ಧತಿ ಉಂಟು. ಅಡ್ಡಹೆಸರು ಮಾತ್ರವಲ್ಲ, ಕರೆಯುವ ಹೆಸರೇ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರನ್ನು ಬರೆಯುತ್ತಾನೆ. ಹಿರಿಯರು ಓದಿ ಹೇಳುತ್ತಾರೆ, ಸಕ್ಕರೆ ಹಂಚುತ್ತಾರೆ. ನನಗೂ ಹಾಗೇ ಆಯಿತು. ಅಕ್ಕಿಯ ಮೇಲೆ ಅಕ್ಷರ ಮೂಡುವಾಗ ನಾನು ಬಗ್ಗಿ ನೋಡುತ್ತಿದ್ದೆ, ಪಕ್ಕದ ಮನೆಯವರ ಮಗುವಿನ ನಾಮಕರಣ ನೋಡುವವಳ ಹಾಗೆ. ಚೆಂದದ ಹೆಸರೇ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಬೇಕು ಅಂದುಕೊಳ್ಳಲಿಲ್ಲ. ಭಟ್ಕಳದಲ್ಲಿ ಹುಟ್ಟಿದಾಗ ಇಟ್ಟ ಹೆಸರು ಮದುವೆಯ ಮಂಟಪದಲ್ಲೇ ಉಳಿಯಿತು. ರೇಶನ್ ಕಾರ್ಡು, ವೋಟರ್ ಕಾರ್ಡು, ಬ್ಯಾಂಕು, ಆಧಾರ್ ಎಲ್ಲದರಲ್ಲೂ ಅಕ್ಕಿಯ ಹೆಸರೇ ಹತ್ತಿತು.

ಹಳೆಯ ಹೆಸರು ಪೂರ್ತಿ ಹೋಗಿರಲಿಲ್ಲ. ಭಟ್ಕಳಕ್ಕೆ ಹೋದಾಗ ಅಮ್ಮ ಅದನ್ನೇ ಕರೆಯುತ್ತಿದ್ದಳು. ಹಿತ್ತಿಲ ಬಾವಿಕಟ್ಟೆಯಿಂದ ಅವಳು ಕೂಗಿದರೆ ಮನೆಯ ಯಾವ ಮೂಲೆಯಲ್ಲಿದ್ದರೂ ನಾನು “ಓ” ಎನ್ನಬೇಕು. ಅನ್ನದಿದ್ದರೆ ಅನ್ನುವವರೆಗೂ ಕೂಗು ನಿಲ್ಲುತ್ತಿರಲಿಲ್ಲ. ಮದುವೆಯಾಗಿ ಮಗಳನ್ನು ಎತ್ತಿಕೊಂಡು ಹೋದಾಗಲೂ ಹಾಗೇ. ಅಮ್ಮ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ತಮ್ಮನಿಗೆ ನಾನು ಅಕ್ಕ, ಅವನ ಮಕ್ಕಳಿಗೆ ಅತ್ತೆ.

ಆ ಗುರುವಾರ ಕುಮಟಾದಿಂದ ಬಸ್ಸಿನಲ್ಲಿ ಬರುವಾಗ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಂಡನ ಮೇಲೆ ಹಾರಿದೆ. ಅವರು ಮಿಕ್ಸಿ ರಿಪೇರಿ ಮಾಡುವವರು, ಯಾವುದೋ ಜಾರಿನ ತಳ ಬಿಚ್ಚಿಕೊಂಡು ಕುಳಿತಿದ್ದರು. ಮನೆಯಲ್ಲಿ ನಮ್ಮದು ಕೊಂಕಣಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಆ ಹೆಸ್ರು ಇಡಿ ಅಂತ ನಿಮ್ಗೆ ಯಾರು ಹೇಳಿದ್ರು?”

“ಯಾವ ಹೆಸ್ರು?”

“ನಂದು!”

ಅವರು ಸ್ಕ್ರೂ ಡ್ರೈವರ್ ಕೆಳಗಿಟ್ಟರು. “ಅಪ್ಪ ಒಂದು ಚೀಟಿಯಲ್ಲಿ ಬರ್ಕೊಟ್ಟಿದ್ರು. ನಾನು ನೋಡಿ ಬರ್ದೆ. ಈಗೆಂತ ಆತು?”

ಇಪ್ಪತ್ತನಾಲ್ಕು ವರ್ಷ ಅದು ಅವರೇ ಆರಿಸಿದ ಹೆಸರು ಎಂದುಕೊಂಡಿದ್ದೆ. ಮಗಳು ಫೋನು ತೆಗೆದು, “ತಡಿ, ಎಐ ಹತ್ರ ಕೇಳ್ವಾ,” ಎಂದು ಕೇಳಿದಳು. ಮದುವೆಯ ನಂತರ ಹೆಸರು ಬದಲಾದರೆ ಏನು ಮಾಡಬೇಕು ಎಂಬುದಕ್ಕೆ ಅದು ಬಹಳ ಮರ್ಯಾದೆಯಿಂದ ಉದ್ದಕ್ಕೆ ಉತ್ತರ ಕೊಟ್ಟಿತು. ಕೊನೆಯ ಸಾಲು: ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಿ. ಇಷ್ಟು ಹೇಳಲು ಇದು ಇಡೀ ಪ್ರಪಂಚ ಓದಿಕೊಂಡು ಬರಬೇಕಿತ್ತೇ ಎಂದು ಬೈದೆ.

ಕೊನೆಗೆ ಫೋನು ಮಾಡಿ ಕೇಳಿದಾಗ ದಾರಿ ಹೇಳಿದ್ದು ಗುಮಾಸ್ತರೇ. ಇಬ್ಬರೂ ಒಬ್ಬಳೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಬೇಕು. ಅದಕ್ಕೆ ಎಸ್ಸೆಸ್ಸೆಲ್ಸಿಯ ಅಸಲು ಮಾರ್ಕ್ಸ್ ಕಾರ್ಡ್ ಬೇಕು. ನನ್ನ ಹತ್ತಿರ ಇದ್ದದ್ದು ಜೆರಾಕ್ಸು. ಅಸಲು ಭಟ್ಕಳದಲ್ಲಿ, ಇದ್ದರೆ.

ಶುಕ್ರವಾರ ಬೆಳಿಗ್ಗೆ ಅಂಗನವಾಡಿಗೆ ರಜೆ ಹಾಕಿ ಭಟ್ಕಳದ ಬಸ್ಸು ಹತ್ತಿದೆ. ಹೆದ್ದಾರಿಯ ಕೆಲಸ ನಡೆದಿತ್ತು, ಬಸ್ಸು ತೆವಳಿತು. ತಮ್ಮನ ಮನೆ ತಲುಪುವಾಗ ಹನ್ನೊಂದು ದಾಟಿತ್ತು. ಅಮ್ಮನ ಟ್ರಂಕು ಅಟ್ಟದ ಮೇಲಿತ್ತು. ತಮ್ಮ ಇಳಿಸಿಕೊಟ್ಟ. ಸೀರೆ, ಹಳೆಯ ಪಂಚಾಂಗ, ಔಷಧಿ ಚೀಟಿ, ಮತ್ತೆ ಸೀರೆ. ಒಂದೊಂದೇ ತೆಗೆದು ಹೊರಗಿಡುತ್ತ ಹೋದೆ. ತಳದಲ್ಲಿ ಹಾಲಿನ ಪ್ಯಾಕೆಟ್ಟು ತೊಳೆದು ಒಣಗಿಸಿ ಮಾಡಿದ ಲಕೋಟೆ ಇತ್ತು. ಅದರೊಳಗೆ ಮಾರ್ಕ್ಸ್ ಕಾರ್ಡ್, ಒಂದು ಮಡಿಕೆಯೂ ಇಲ್ಲದೆ. ಓದು ಬರಹ ಬಾರದ ಅಮ್ಮ ಅದನ್ನು ಇಷ್ಟು ಜೋಪಾನ ಮಾಡಿದ್ದಳು. ನಾನು ಅದರ ಜೆರಾಕ್ಸನ್ನೂ ಎಣ್ಣೆ ಕಲೆ ಮಾಡಿಟ್ಟುಕೊಂಡಿದ್ದೆ. ಅಲ್ಲೇ ಕುಳಿತು ಅತ್ತುಬಿಟ್ಟೆ. ತಮ್ಮನ ಹೆಂಡತಿ ನೀರು ತಂದುಕೊಟ್ಟಳು.

ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಓಡಿದೆ. ಬಾಗಿಲು ಹಾಕಿತ್ತು. ಪಕ್ಕದ್ದೂ ಹಾಕಿತ್ತು. ಭಟ್ಕಳದಲ್ಲಿ ಹುಟ್ಟಿ ಬೆಳೆದವಳು, ಶುಕ್ರವಾರದ ನಮಾಜಿನ ಹೊತ್ತು ಪೇಟೆ ಮುಚ್ಚಿರುತ್ತದೆ ಎಂಬುದನ್ನು ಮರೆತಿದ್ದೆ! ಚಿಕ್ಕವಳಿದ್ದಾಗ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ, ಯಾವ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು. ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕುಳಿತು ಗಡಿಯಾರ ನೋಡಿದೆ. ನೋಟರಿ ವಕೀಲರು ನಾಲ್ಕಕ್ಕೆ ಹೊರಡುತ್ತಾರೆ ಎಂದು ಯಾರೋ ಹೇಳಿ ಹೋದರು.

ಎರಡೂಕಾಲಕ್ಕೆ ಟೈಪಿಂಗಿನ ಮುದುಕರು ಬಂದು ಬಾಗಿಲು ತೆಗೆದರು. ಅವರ ಮನೆಮಾತು ಭಟ್ಕಳದ ಮುಸ್ಲಿಮರ ನವಾಯತಿ, ನನ್ನದು ಕೊಂಕಣಿ. ಅರ್ಧ ಅರ್ಧ ಸೇರಿಸಿ ಮಾತು ಮುಗಿಸಿದೆವು. ಅವರು ಕಂಪ್ಯೂಟರಿನಲ್ಲಿ ನನ್ನ ಹಳೆಯ ಹೆಸರು ಹೊಡೆದು, ‘ಉರ್ಫ್’ ಎಂದು ಹಾಕಿ, ಹೊಸ ಹೆಸರು ಹೊಡೆದರು.

“ಉರ್ಫ್ ಎಂತಕ್ಕೆ ಸಾಹೇಬ್ರೆ? ಪೇಪರಿನಲ್ಲಿ ಕಳ್ಳರಿಗೆ ಹಾಕ್ತಾರಲ್ಲ ಹಾಗೆ.”

“ಕಳ್ಳರಿಗೆ ಒಂದು ಹೆಸರು ಅವರೇ ಇಟ್ಕೊಂಡದ್ದಿರ್ತದೆ ಬಾಯಿ,” ಎಂದರು ಅವರು, ಕಣ್ಣು ಪರದೆಯಿಂದ ತೆಗೆಯದೆ. “ನಿಮ್ಗೆ ಎರಡೂ ಬೇರೆಯವ್ರೇ ಇಟ್ಟದ್ದು.”

ನೋಟರಿಯ ಮೊಹರು ಬಿದ್ದಾಗ ನಾಲ್ಕಕ್ಕೆ ಹತ್ತು ನಿಮಿಷ. ಶನಿವಾರ ಬೆಳಿಗ್ಗೆ ಕುಮಟಾದಲ್ಲಿ ಅದನ್ನು ಏರಿಸಲು ಹೋದರೆ ಫೈಲು ದೊಡ್ಡದಾಯಿತು ಎಂದು ಕಂಪ್ಯೂಟರು ನೂಕಿತು. ಚಿಕ್ಕದು ಮಾಡಿದರೆ ಅಕ್ಷರ ಕಾಣುವುದಿಲ್ಲ ಎಂದು ಮತ್ತೆ ನೂಕಿತು. ಕೊನೆಗೆ ನಾನೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಫೋನಿನಲ್ಲಿ ಹೊಡೆದು, ಅಂಚು ಕತ್ತರಿಸಿ ಕಳಿಸಿಕೊಟ್ಟೆ. ನಾಲ್ಕೂ ಮುಕ್ಕಾಲಿಗೆ ಕೆಂಪಕ್ಷರ ಹಸಿರಾಯಿತು. “ಎಸ್ಸೆಸ್ಸೆಲ್ಸಿ ಹೆಸ್ರಲ್ಲೇ ಹಾಲ್ ಟಿಕೆಟ್ ಬರ್ತದೆ, ಅಡ್ಡಿಲ್ವಾ?” ಎಂದು ಗುಮಾಸ್ತರು ಕೇಳಿದರು. ಯಾವ ಹೆಸರಲ್ಲಾದರೂ ಬರಲಿ, ಬಂದರೆ ಸಾಕು ಎಂದೆ. ಆ ಮಾತು ನೆನಪಿಡಿ.

ಆಮೇಲಿನ ಮೂರು ತಿಂಗಳು ಓದು, ಅಡುಗೆ, ತೂಕ, ಓದು. ಹೆಸರಿನ ರಗಳೆ ಮುಗಿಯಿತು ಎಂದು ಮರೆತೆ. ಹಾಲ್ ಟಿಕೆಟ್ ಬಂದಾಗ ನೋಡಿದ್ದು ಪರೀಕ್ಷೆಯ ಜಾಗ, ಹೊತ್ತು, ಮತ್ತೆ ಫೋಟೋದಲ್ಲಿ ನನ್ನ ಮುಖ ಎಷ್ಟು ಕಪ್ಪಾಗಿ ಬಂದಿದೆ ಎಂಬುದು.

ಮೊದಲ ದಿನ ಕನ್ನಡ ಪೇಪರು. ಕುಮಟಾದ ಒಂದು ಕಾಲೇಜಿನಲ್ಲಿ. ಗಂಡ ಜತೆಗೆ ಬಂದು ಗೇಟಿನಾಚೆಯ ಚಾದಂಗಡಿಯಲ್ಲಿ ಕುಳಿತರು. ಗೇಟಿನಲ್ಲಿ ಫೋನು, ಚೀಲ ಎಲ್ಲ ಇಟ್ಟು ಹಾಲ್ ಟಿಕೆಟ್, ಪೆನ್ನು ಮಾತ್ರ ಹಿಡಿದು ವರಾಂಡಕ್ಕೆ ಹೋದೆ. ಕೋಣೆಯ ಬಾಗಿಲಲ್ಲಿ ಒಬ್ಬ ಪ್ರಾಯದ ಮಾಸ್ತರರು ಟ್ಯಾಬ್ ಹಿಡಿದು ನಿಂತಿದ್ದರು. ಒಬ್ಬೊಬ್ಬರ ಹೆಸರು ಕರೆಯುವುದು, ಹೋದವರ ಮುಖ ಟ್ಯಾಬಿನಲ್ಲಿ ಹಿಡಿಯುವುದು, ಸರಿಯಾದರೆ ಒಳಗೆ ಬಿಡುವುದು. ನನಗೆ ಹೊಸದೇನಲ್ಲ, ನಾನು ದಿನಾ ಮಾಡುವುದೇ. ವರಾಂಡದ ಮೋಟುಗೋಡೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಓದಿದ್ದನ್ನು ಮನಸ್ಸಿನಲ್ಲೇ ಮೆಲುಕು ಹಾಕತೊಡಗಿದೆ.

ಹೆಸರುಗಳು ಬರುತ್ತಿದ್ದವು. ಲೈನ್‌ಮನ್ ಹೋದ. ಗೆಸ್ಟ್ ಹೌಸಿನ ಹುಡುಗಿ ಹೆಬ್ಬೆರಳು ತೋರಿಸಿ ಒಳಗೆ ಹೋದಳು. ಮಾಸ್ತರರು ಒಂದು ಹೆಂಗಸಿನ ಹೆಸರು ಕರೆದರು. ಯಾರೂ ಏಳಲಿಲ್ಲ. ಅಡ್ಡಹೆಸರು ಸೇರಿಸಿ ಇನ್ನೊಂದು ಸಲ ಕರೆದರು, ಜೋರಾಗಿ. ಯಾರೂ ಇಲ್ಲ. ನನಗೆ ಸ್ಪಷ್ಟವಾಗಿ ಕೇಳಿಸಿತು. ಯಾರಪ್ಪಾ ಈ ಸೋಮಾರಿ, ಇಷ್ಟು ಕಷ್ಟಪಟ್ಟು ಹೆಸರು ಹಚ್ಚಿ ಪರೀಕ್ಷೆಯ ದಿನ ಮನೆಯಲ್ಲಿ ಮಲಗಿದ್ದಾಳಲ್ಲ ಎಂದುಕೊಂಡೆ. ಮೂರನೆಯ ಸಲ ಕರೆದು, ಟ್ಯಾಬಿನಲ್ಲಿ ಏನೋ ಒತ್ತಿ, ಮುಂದಿನ ಹೆಸರಿಗೆ ಹೋದರು. ನಾನು ಮೆಲುಕು ಮುಂದುವರಿಸಿದೆ.

ಕಣ್ಣು ಬಿಟ್ಟಾಗ ವರಾಂಡ ಖಾಲಿ. ಮಾಸ್ತರರು ಬಾಗಿಲು ಎಳೆದುಕೊಳ್ಳುತ್ತಿದ್ದರು. ಎದ್ದು ಓಡಿದೆ.

“ಸರ್, ಸರ್! ನನ್ನ ಕರೀಲೇ ಇಲ್ಲ.”

“ಹೆಸ್ರೆಂತ?”

ಹೇಳಿದೆ. ಅವರು ಟ್ಯಾಬಿನಲ್ಲಿ ಮೇಲಿಂದ ಕೆಳಗೆ ಬೆರಳು ಓಡಿಸಿದರು. “ಈ ಹೆಸ್ರೇ ಇಲ್ವಲ್ಲ.”

ಮತ್ತೆ ಆ ಕಂಪ್ಯೂಟರು ಮೋಸ ಮಾಡಿತು ಎಂದೇ ಅನಿಸಿತು. “ಇರ್ಬೇಕು ಸರ್, ಹಾಲ್ ಟಿಕೆಟ್ ಬಂದದೆ, ನೋಡಿ,” ಎಂದು ಕೈಗೆ ಕೊಟ್ಟೆ. ಅವರು ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

“ಇದು ನೀವೇ ಅಲ್ದಾ? ಮೂರ್ ಸಲ ಕರ್ದೆ. ಅಲ್ಲೇ ಕೂತಿದ್ರಿ. ನೀವು ಹೇಳಿದ್ದು ಬೇರೆ ಹೆಸ್ರು, ಇದ್ರಲ್ಲಿರೂದು ಬೇರೆ ಹೆಸ್ರು.”

ಅಯ್ಯೋ ದೇವರೆ, ಆ ಸೋಮಾರಿ ಹೆಂಗಸು ನಾನೇ.

ಒಳಗೆ ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಹಂಚುವ ಸದ್ದು ಬಾಗಿಲಾಚೆ ಕೇಳುತ್ತಿತ್ತು. ಮಾಸ್ತರರು ಕೇಂದ್ರದ ಮುಖ್ಯಸ್ಥರನ್ನು ಕರೆಸಿದರು. ನನ್ನದೇ ಪ್ರಾಯದ ಮೇಡಂ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಮುಖದಲ್ಲಿ ಒಂದು ಗೆರೆಯೂ ಸಡಿಲವಿಲ್ಲ. ಮಾಸ್ತರರು ನಡೆದದ್ದು ಹೇಳಿದರು. ಮೇಡಂ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ಸ್ವಂತ ಹೆಸರು ಕರೆದ್ರೆ ಗೊತ್ತಾಗದವ್ರು ಯಾರಿದ್ದಾರಮ್ಮ? ಬೇರೆಯವ್ರ ಪರೀಕ್ಷೆ ಬರಿಯೋಕೆ ಬಂದದ್ದಾ? ಹಾಗಿದ್ರೆ ಈಗ್ಲೇ ಹೇಳಿ. ಆಮೇಲೆ ಪೊಲೀಸ್ರ ತನಕ ಹೋಗ್ತದೆ.”

“ಇಲ್ಲ ಮೇಡಂ, ಇದು ನಾನೇ. ಮದುವೆಯಲ್ಲಿ ಹೆಸ್ರು ಬದ್ಲಾದದ್ದು. ನೋಟರಿ ಕಾಗದ ಉಂಟು.”

“ಎಲ್ಲಿ?”

ಕಾಗದ ಮನೆಯಲ್ಲಿತ್ತು, ದೇವರ ಫೋಟೋದ ಹಿಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಹೊನ್ನಾವರಕ್ಕೆ ಹೋಗಿ ತರುವುದರೊಳಗೆ ಪರೀಕ್ಷೆ ಮುಗಿದಿರುತ್ತದೆ.

“ಗೈರುಹಾಜರಿ ಬಿದ್ದಾಗಿದೆ,” ಎಂದರು ಮಾಸ್ತರರು. “ಅರ್ಧ ಗಂಟೆಯೊಳಗೆ ಮುಖ ಹೊಂದಿದ್ರೆ ಮಾತ್ರ ತೆಗೀಬಹುದು.”

“ನೋಡಿ ಹಾಗಾದ್ರೆ,” ಎಂದರು ಮೇಡಂ. “ಅದು ಹೌದು ಅಂದ್ರೆ ಹೌದು. ಇಲ್ಲ ಅಂದ್ರೆ ಇಲ್ಲ.”

ಮಾಸ್ತರರು ಟ್ಯಾಬನ್ನು ನನ್ನ ಮುಖಕ್ಕೆ ಹಿಡಿದರು. ಒಂದು ಬಿಳಿ ಚಕ್ರ ತಿರುಗಿತು, ತಿರುಗಿತು. ಹೊಂದುತ್ತಿಲ್ಲ. ಇನ್ನೊಂದು ಸಲ. ಹೊಂದುತ್ತಿಲ್ಲ. ಇನ್ನೊಂದೇ ಅವಕಾಶ ಎಂದು ಅದೇ ಬರೆದು ತೋರಿಸಿತು. ಮೇಡಂ ಗಡಿಯಾರ ನೋಡಿಕೊಂಡರು. ಮಾಸ್ತರರ ಬೆರಳು ಮತ್ತೆ ಬಟನ್ನಿನ ಕಡೆ ಹೋಯಿತು.

“ತಡೀರಿ!” ಎಂದೆ. ನನ್ನ ದನಿ ನನಗೇ ಜೋರಾಯಿತು. ಮೂರು ವರ್ಷದ ಮಕ್ಕಳನ್ನು ಗದರುವ ದನಿ. “ಒತ್ಬೇಡಿ ಸರ್. ನನ್ನ ಬೆನ್ನ ಹಿಂದೆ ಬಿಸಿಲು ಉಂಟು, ಮುಖ ಕಪ್ಪು ಬೀಳ್ತದೆ. ನೀವು ಈಚೆ ಬನ್ನಿ, ನಾನು ಆಚೆ ನಿಲ್ತೇನೆ. ಮೊದ್ಲು ಆ ಕಣ್ಣು ಒರೆಸಿ, ಬೆರಳಿನ ಎಣ್ಣೆ ಹತ್ತಿದೆ.”

ಅವರು ಮೇಡಂ ಮುಖ ನೋಡಿದರು. ನಾನೇ ಟ್ಯಾಬನ್ನು ಅವರ ಕೈಯಲ್ಲಿರುವಂತೆಯೇ ಸೆರಗಿನಿಂದ ಒರೆಸಿದೆ. ಕನ್ನಡಕ ತೆಗೆದೆ. ಫೋಟೋದಲ್ಲಿ ಕನ್ನಡಕ ಇರಲಿಲ್ಲ. ಬಿಸಿಲಿಗೆ ಮುಖ ಮಾಡಿ ನಿಂತೆ. ಕೇರಿಯ ಹೆಂಗಸರಿಗೆಲ್ಲ ಹೇಳುವುದನ್ನು ನನಗೆ ನಾನೇ ಹೇಳಿಕೊಂಡೆ: ಅಲುಗಬೇಡ, ಉಸಿರು ಹಿಡಿ, ಮೆಲ್ಲಗೆ ಕಣ್ಣು ಮಿಟುಕಿಸು. ಕನ್ನಡಕವಿಲ್ಲದ ಕಣ್ಣಿಗೆ ಟ್ಯಾಬು ಮಸುಕಾಗಿ ಕಂಡಿತು. ಚಕ್ರ ತಿರುಗುತ್ತಿದೆಯೋ ನಿಂತಿದೆಯೋ ಗೊತ್ತಾಗಲಿಲ್ಲ.

“ಬಂತು,” ಎಂದರು ಮಾಸ್ತರರು.

ನನ್ನನ್ನು ಇಬ್ಬರು ಎಂದಿದ್ದ ಯಂತ್ರವೇ ಒಬ್ಬಳು ಎಂದು ಒಪ್ಪಿತು. ಕನ್ನಡಕ ಹಾಕಿಕೊಂಡೆ. ಮೇಡಂ ಹಾಲ್ ಟಿಕೆಟ್ಟನ್ನು ನನ್ನ ಕೈಗೆ ಕೊಡದೆ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು.

“ಒಂದ್ ಮಾತು ಹೇಳಿ ಹೋಗಿ. ಮೂರು ಸಲ ಕರೆದ್ರೂ ಯಾಕೆ ಓಗೊಡ್ಲಿಲ್ಲ?”

ಹೆದರಿಕೆ ಆಯಿತು, ಗಡಿಬಿಡಿ ಆಯಿತು ಎಂದು ಏನಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

“ಆ ಹೆಸ್ರಿಂದ ಕರೀತಿದ್ದವ್ಳು ನಮ್ಮಮ್ಮ ಒಬ್ಳೇ ಮೇಡಂ. ಅವ್ಳು ತೀರ್ಕೊಂಡು ಮೂರು ವರ್ಷ ಆತು.”

ಹೇಳಿದ ಮೇಲೆಯೇ ಅದು ನನಗೂ ಗೊತ್ತಾದದ್ದು. ಮೂರು ವರ್ಷದಿಂದ ಲೋಕದಲ್ಲಿ ಯಾರೊಬ್ಬರೂ ನನ್ನನ್ನು ಆ ಹೆಸರು ಹಿಡಿದು ಕರೆದಿರಲಿಲ್ಲ. ಕಾಗದಗಳಲ್ಲಿ ಬರೆದರು, ಪರದೆಯ ಮೇಲೆ ಹೊಡೆದರು, ಮೊಹರು ಒತ್ತಿದರು. ಕರೆದವರಿಲ್ಲ. ಮೇಡಂ ಹಾಲ್ ಟಿಕೆಟ್ಟನ್ನು ಒಂದು ಸಲ ನೋಡಿ ನನ್ನ ಕೈಗೆ ಕೊಟ್ಟರು. “ಹೋಗಿ, ಬರೀರಿ. ಇಪ್ಪತ್ತು ನಿಮಿಷ ಹೋಗಿದೆ,” ಎಂದರು.

ಬರೆದೆ. ಅಕ್ಷರ ಸೊಟ್ಟಗಾದರೂ, ಕಣ್ಣೀರು ಒಂದೆರಡು ಕಡೆ ಶಾಯಿ ಹರಡಿಸಿದರೂ ಕೊನೆಯ ಪ್ರಶ್ನೆಯವರೆಗೆ ಬರೆದೆ. ಹೊರಗೆ ಬಂದಾಗ ಗಂಡ ಚಾದಂಗಡಿಯಿಂದ ಎದ್ದು ಬಂದು, “ಹೆಂಗಾತು?” ಎಂದರು. ಬಸ್ಸಿನಲ್ಲಿ ಎಲ್ಲ ಹೇಳಿದೆ. ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದಿರುವಾಗ ಹೊರಗಿನಿಂದ ಆ ಹೆಸರು ಕೇಳಿಸಿತು, ಅಂಜಿಕೆಯ ದನಿಯಲ್ಲಿ, ಬೇರೆಯವರ ಹೆಂಡತಿಯನ್ನು ಕರೆಯುವವರ ಹಾಗೆ. “ಎಂತ ಮಾಡ್ತಿದ್ದೀರಿ?” ಎಂದು ಹೋಗಿ ನೋಡಿದರೆ, “ಅಭ್ಯಾಸ ಮಾಡಿಸ್ತಿದ್ದೆ,” ಎಂದರು. ಪರೀಕ್ಷೆ ಮುಗಿಯುವವರೆಗೂ ದಿನಕ್ಕೆ ನಾಲ್ಕಾರು ಸಲ ಕರೆದರು. ನಾನು “ಹಾಂ, ಎಂತ?” ಎನ್ನುತ್ತಿದ್ದೆ.

ಪಾಸಾದೆ. ಇಂಗ್ಲಿಷಿನಲ್ಲಿ ಕೂದಲೆಳೆಯ ಅಂತರದಲ್ಲಿ. ಈಗ ಅಂಗನವಾಡಿಯ ಕುರ್ಚಿಯೂ ನನ್ನದು, ಫೋನೂ ನನ್ನದು. ಆದೇಶದ ಕಾಗದದಲ್ಲಿ ಎರಡೂ ಹೆಸರು ಇದೆ, ನಡುವೆ ಉರ್ಫ್.

ಆದರೆ ನನಗೆ ನೆನಪಾಗುವುದು ಎರಡನೆಯ ಪೇಪರಿನ ದಿನ. ಅದೇ ವರಾಂಡ, ಅದೇ ಮೋಟುಗೋಡೆ. ಆ ದಿನ ಓದಿದ್ದನ್ನು ಮೆಲುಕು ಹಾಕಲಿಲ್ಲ, ಕಿವಿ ಮಾತ್ರ ತೆರೆದು ಕುಳಿತಿದ್ದೆ. ಮೇ ತಿಂಗಳ ಸೆಕೆ, ಅಂಗೈ ಒದ್ದೆ. ಮಾಸ್ತರರು ನನ್ನ ಕಡೆ ನೋಡಿಯೇ ಆ ಹೆಸರು ಕರೆದರು. ‘ಪ್ರೆಸೆಂಟ್ ಸರ್’ ಎನ್ನಬೇಕಿತ್ತು, ಬೆಳಗಿನಿಂದ ಅದನ್ನೇ ಬಾಯಿಪಾಠ ಮಾಡಿದ್ದೆ. ಅವರು ಕರೆದು ಮುಗಿಸುವ ಮೊದಲೇ ಬಾಯಿಂದ ಹೊರಟುಹೋಯಿತು, ಹಿತ್ತಿಲ ಬಾವಿಕಟ್ಟೆಯವರೆಗೂ ಕೇಳಿಸುವಷ್ಟು ಜೋರಾಗಿ:

“ಓ!”

ವರಾಂಡದ ಹುಡುಗರೆಲ್ಲ ನಕ್ಕರು. ನಾನು ಎದ್ದು ಹೋದೆ.